‘ರೇಸಿಗೂ ಆಗುತ್ತೆ, ಸಂಸಾರಕ್ಕೂ ಆಗುತ್ತೆ’ ಎನ್ನುವ ಹಾಯಿದೋಣಿ: ಮುಂಗಡ ಕೊಡುವ ಮುಂಚೆ ಇದನ್ನು ಓದಿ

ಇಂಗ್ಲೆಂಡಿನ ಸೌತಾಂಪ್ಟನ್, ಪೋರ್ಟ್ಸ್‌ಮತ್ ಕಡೆ ಇರುವ ನಮ್ಮ ಜನರಲ್ಲಿ ಕೆಲವರು ಹಾಯಿದೋಣಿ ನಡೆಸುವುದನ್ನು ಕಲಿಯುತ್ತಿದ್ದಾರೆ. ಕೋರ್ಸ್ ಮುಗಿಸಿ, ಯಾರದೋ ದೋಣಿಯಲ್ಲಿ ರೇಸಿಗೆ ಹೋಗಿ ರುಚಿ ಹತ್ತಿದ ಮೇಲೆ ಸ್ವಂತದ್ದು ಬೇಕು ಅನ್ನಿಸುತ್ತದೆ. ವಾರದ ಮಧ್ಯೆ ಒಂದು ಸಂಜೆ ಕ್ಲಬ್ ರೇಸ್, ಶನಿವಾರ ಭಾನುವಾರ ಮಕ್ಕಳ ಜೊತೆ ವೈಟ್ ದ್ವೀಪ. ಆಸೆ ಸರಿಯಾದದ್ದೇ. ಅಂಥವರಿಗೆಂದೇ ‘ಪರ್ಫಾರ್ಮೆನ್ಸ್ ಕ್ರೂಸರ್’ ಎನ್ನುವ ಜಾತಿಯ ದೋಣಿಗಳಿವೆ. ನಾವೂ ಒಂದು ಹಳೆಯದನ್ನು ಕೊಂಡೆವು. ಅದರ ತಳದಲ್ಲಿ ಬಚ್ಚಿಟ್ಟ ಹಾನಿ ಇತ್ತು. ಮಕ್ಕಳನ್ನು ಕೂರಿಸಿಕೊಂಡು ಅದೇ ದೋಣಿಯಲ್ಲಿ ಬೇಸಿಗೆಯೆಲ್ಲ ಓಡಾಡಿದ್ದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಇನ್ನೊಂದು ಮನೆಯವರಿಗೆ ಹೀಗಾಗಬಾರದು ಎಂದು ಬರೆಯುತ್ತಿದ್ದೇನೆ. ಬ್ರೋಕರ್ ಹೆಸರಾಗಲಿ, ದೋಣಿ ಮಾಡಿದ ಕಂಪನಿಯ ಹೆಸರಾಗಲಿ ಇಲ್ಲಿ ಹಾಕುವುದಿಲ್ಲ.

ದೋಣಿ 36 ಅಡಿ ಉದ್ದ. ಅದರ ಅಡಿಗೆ ಬಿಗಿದ ಭಾರ, ಅಂದರೆ ಕೀಲ್, ನೀರಿನಡಿಗೆ 2.2 ಮೀಟರ್ ಇಳಿಯುತ್ತದೆ. ಜಾಹೀರಾತಿನಲ್ಲಿ ರೇಸ್ ಗೆದ್ದ ಕಪ್‌ಗಳ ಫೋಟೊ, ಪಕ್ಕದಲ್ಲೇ ಒಳಗಿನ ಮೆತ್ತೆ, ಊಟದ ಮೇಜಿನ ಫೋಟೊ. ಟ್ರಯಲ್ ದಿನ ಬ್ರೋಕರ್ ತಮ್ಮದೇ ಆರು ಜನರನ್ನು ಕರೆತಂದಿದ್ದರು. ಹತ್ತು ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಗಾಳಿ, ಬಿಸಿಲು. ದೋಣಿ ಹಾರಿದಂತೆ ಹೋಯಿತು.

ದೋಣಿಯನ್ನು ನೀರಿನಿಂದ ಎತ್ತಿಸಿ ತಜ್ಞರಿಂದ ತಪಾಸಣೆ (ಸರ್ವೇ) ಮಾಡಿಸಬೇಕು ಎಂದಾಗ ಮಾತು ಬದಲಾಯಿತು. ‘ಕ್ರೇನ್ ಸಿಗುವುದು ಮುಂದಿನ ತಿಂಗಳು, ಇನ್ನೊಬ್ಬರು ಮುಂಗಡ ಹಿಡಿದುಕೊಂಡು ನಿಂತಿದ್ದಾರೆ, ಹಳೆಯ ಸರ್ವೇ ವರದಿ ಇದೆಯಲ್ಲ’ ಎಂದರು. ನಮ್ಮ ಸರ್ವೇಯರ್ ದೋಣಿಯನ್ನು ನೀರಿನಲ್ಲೇ ನೋಡಬೇಕಾಯಿತು. ಕೀಲ್ ಸೇರುವ ಜಾಗವನ್ನು ಪರೀಕ್ಷಿಸಲು ಆಗಿಲ್ಲ ಎಂದು ಅವರು ವರದಿಯಲ್ಲೇ ಬರೆದರು. ನೆಲದ ಹಲಗೆ ಎತ್ತಿದರೆ ತಳವೆಲ್ಲ ಹೊಸ ಬಿಳಿ ಬಣ್ಣ. ‘ಮಾಲೀಕರು ತುಂಬ ಚೊಕ್ಕ’ ಎಂಬುದು ಬ್ರೋಕರ್ ಕೊಟ್ಟ ಕಾರಣ. ಈ ದೇಶದಲ್ಲಿ ಬ್ರೋಕರ್ ಸಾಮಾನ್ಯವಾಗಿ ಮಾರುವವರ ಏಜೆಂಟ್. ಎಷ್ಟೇ ನಗುತ್ತಾ ಮಾತಾಡಿದರೂ, ಎಷ್ಟೇ ಕಾಫಿ ಕೊಡಿಸಿದರೂ ಅವರು ಕೆಲಸ ಮಾಡುವುದು ಮಾರುವವರಿಗಾಗಿ.

ಚಳಿಗಾಲಕ್ಕೆ ದೋಣಿಯನ್ನು ಮೇಲೆತ್ತಿಸಿದಾಗ ನಿಜ ಗೊತ್ತಾಯಿತು. ಕ್ರೇನಿನ ಪಟ್ಟಿಯಲ್ಲಿ ತೂಗುತ್ತಿದ್ದಾಗ ಕೀಲ್‌ನ ಮುಂಭಾಗದಲ್ಲಿ ಸಂದು ಬಾಯಿ ಬಿಟ್ಟಿತ್ತು, ಅದರಿಂದ ತುಕ್ಕಿನ ನೀರು ಇಳಿಯುತ್ತಿತ್ತು. ನೆಲಕ್ಕಿಳಿಸಿ ಕೀಲ್ ಮೇಲೆ ಭಾರ ಬಿಟ್ಟಾಗ ಆ ಸಂದು ಮುಚ್ಚಿಕೊಂಡಿತು. ಯಾರ್ಡಿನ ಹಿರಿಯ ಕೆಲಸಗಾರರು ಅದನ್ನು ನೋಡಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಒಳಗಿನ ಬಿಳಿ ಬಣ್ಣ ಉಜ್ಜಿ ತೆಗೆದಾಗ ಕೆಳಗೆ ಬಿರುಕು, ಅದರ ಮೇಲೆ ಅವಸರದಲ್ಲಿ ಅಂಟಿಸಿದ ಫೈಬರ್. ಆಮೇಲೆ ಕ್ಲಬ್ಬಿನಲ್ಲಿ ವಿಚಾರಿಸಿದರೆ, ಆ ದೋಣಿ ಹಿಂದೆ ಒಂದು ರೇಸಿನಲ್ಲಿ ಬಂಡೆಗೆ ಬಡಿದದ್ದು ಹಲವರಿಗೆ ಗೊತ್ತಿತ್ತು. ಯಾವ ಕಾಗದದಲ್ಲೂ ಅದು ಇರಲಿಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೀಲ್ ಅಂದರೆ ದೋಣಿಯ ಅಡಿಗೆ ಬೋಲ್ಟಿನಿಂದ ಬಿಗಿದ ಕಬ್ಬಿಣ ಅಥವಾ ಸೀಸದ ಭಾರ. ಈ ಅಳತೆಯ ದೋಣಿಯಲ್ಲಿ ಸುಮಾರು ಎರಡು ಟನ್. ದೋಣಿ ಮಗುಚದಂತೆ ಹಿಡಿಯುವುದು ಅದೇ. ಅಷ್ಟು ಭಾರದ ಎಳೆತವನ್ನು ತಳದ ಹಾಳೆಯೊಂದೇ ತಾಳುವುದಿಲ್ಲ. ಅದಕ್ಕೆ ಒಳಗೆ ಫೈಬರಿನ ಅಡ್ಡಪಟ್ಟಿ, ಉದ್ದಪಟ್ಟಿಗಳ ಚೌಕಟ್ಟು ಇರುತ್ತದೆ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ಎಷ್ಟೋ ದೋಣಿಗಳಲ್ಲಿ ಈ ಚೌಕಟ್ಟನ್ನು ಬೇರೆಯಾಗಿ ಅಚ್ಚು ಹಾಕಿ, ಆಮೇಲೆ ತಳಕ್ಕೆ ಅಂಟಿಸುತ್ತಾರೆ. ದೋಣಿ ಓಡುತ್ತಿರುವಾಗ ಕೀಲ್‌ನ ತುದಿ ಬಂಡೆಗೆ ತಾಗಿದರೆ ಅದು ಅಲ್ಲೇ ನಿಲ್ಲುತ್ತದೆ, ಮೇಲಿನ ದೋಣಿ ಮುಂದಕ್ಕೆ ನುಗ್ಗುತ್ತದೆ. ಆಗ ಕೀಲ್‌ನ ಹಿಂದಿನ ಮೂಲೆ ತಳವನ್ನು ಮೇಲಕ್ಕೆ ತಿವಿಯುತ್ತದೆ, ಮುಂದಿನ ಮೂಲೆ ಕೆಳಕ್ಕೆ ಕೀಳುತ್ತದೆ. ಚೌಕಟ್ಟಿನ ಅಂಟು ಬಿಡುವುದು ಹೀಗೆ. ಬಿಟ್ಟರೂ ಮೇಲಿನಿಂದ ಕಾಣದಿರಬಹುದು.

ಮೇ 2014ರಲ್ಲಿ ‘ಚೀಕಿ ರಫೀಕಿ’ ಎಂಬ 40 ಅಡಿ ದೋಣಿ ಆಂಟಿಗುವಾದ ರೇಸ್ ಮುಗಿಸಿ ಇಂಗ್ಲೆಂಡಿಗೆ ವಾಪಸ್ ಬರುತ್ತಿತ್ತು. ಅಟ್ಲಾಂಟಿಕ್ ನಡುವೆ ಅದರ ಕೀಲ್ ಕಳಚಿ ಹೋಯಿತು. ನಾಲ್ವರು ಸತ್ತರು. ಹಿಂದೆ ತಳ ತಾಗಿದ್ದು ಮತ್ತು ಆಮೇಲಿನ ರಿಪೇರಿಗಳು ಸೇರಿ ಕೀಲ್ ಹಿಡಿದ ಜಾಗವನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ರೇಸ್ ಆಡಿದ ಹಳೆಯ ದೋಣಿ ನೋಡಲು ಹೋಗುವವರು ಆ ವರದಿಯನ್ನು ದಯವಿಟ್ಟು ಓದಿ. ಇಂಟರ್ನೆಟ್ಟಿನಲ್ಲಿ ಸುಮ್ನೆ ಸಿಗುತ್ತದೆ.

ರೇಸ್ ಆಡಿದ ದೋಣಿಗೆ ಈ ಅಪಾಯ ಜಾಸ್ತಿ ಅಂತ ನನ್ನ ಲೆಕ್ಕ. ವೈಟ್ ದ್ವೀಪಕ್ಕೂ ಇಂಗ್ಲೆಂಡಿನ ದಡಕ್ಕೂ ನಡುವಿನ ಸೊಲೆಂಟ್ ಜಲಸಂಧಿಯಲ್ಲಿ ಉಬ್ಬರದ ಸೆಳೆತ ಎದುರಾದಾಗ ರೇಸಿನವರು ದಡಕ್ಕೆ ಒತ್ತಿಕೊಂಡು ಹೋಗುತ್ತಾರೆ, ಅಲ್ಲಿ ಸೆಳೆತ ಕಡಿಮೆ. ಅಲ್ಲೇ ಬಂಡೆಗಳೂ ಇವೆ. ವಾರಕ್ಕೊಮ್ಮೆ ಹಾಗೆ ಆಡಿದ ದೋಣಿಯ ಕೀಲ್ ಯಾವತ್ತೂ ಏನಕ್ಕೂ ತಾಗಿಲ್ಲ ಎಂದು ಯಾರಾದರೂ ಹೇಳಿದರೆ, ಅದನ್ನು ಬರವಣಿಗೆಯಲ್ಲಿ ಕೇಳಿ.

ಬರವಣಿಗೆ ಯಾಕೆ ಅಂದರೆ, ಇಲ್ಲಿ ಖಾಸಗಿಯಾಗಿ ಮಾರುವವರು ತಾವಾಗಿಯೇ ದೋಷ ಹೇಳಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟು ಮಾರಿದರೆ 1967ರ ಮಿಸ್‌ರೆಪ್ರೆಸೆಂಟೇಷನ್ ಕಾಯ್ದೆಯ ಅಡಿ ನೀವು ಪರಿಹಾರ ಕೇಳಬಹುದು. ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಈಮೇಲ್ ಹಾಕಿ: ಈ ದೋಣಿ ಯಾವಾಗಲಾದರೂ ತಳ ತಾಗಿದೆಯೇ, ಕೀಲ್ ಬಿಚ್ಚಿ ಜೋಡಿಸಿದ್ದಾರೆಯೇ, ಚೌಕಟ್ಟಿಗೆ ರಿಪೇರಿ ಆಗಿದೆಯೇ, ಇನ್ಶೂರೆನ್ಸ್ ಕ್ಲೇಮ್ ಏನಾದರೂ ಇತ್ತೇ? ಉತ್ತರ ಬರದಿದ್ದರೆ ಅದೂ ಒಂದು ಉತ್ತರ. ನಮ್ಮ ಇನ್ಶೂರೆನ್ಸ್ ಕಂಪನಿ, ಕೊಳ್ಳುವ ಮುಂಚಿನ ಹಾನಿ ಎಂದು ಕಾಸೂ ಕೊಡಲಿಲ್ಲ.

ಇನ್ನು ಸಂಸಾರದ ಮಾತು. ಕೀಲ್ ಗಟ್ಟಿಯಾಗಿದ್ದಿದ್ದರೂ ಆ ದೋಣಿ ನಮಗೆ ಒಗ್ಗುತ್ತಿರಲಿಲ್ಲ. ಕಪ್ ಗೆದ್ದಾಗ ಅದರಲ್ಲಿ ಎಂಟೊಂಬತ್ತು ಜನ ಇದ್ದರು. ಎಂಟು ಜನ ಗಾಳಿ ಬೀಸುವ ಕಡೆಯ ಅಂಚಿನಲ್ಲಿ ಕೂತರೆ 600 ಕೆಜಿ ಭಾರ. ಅದರ ಹಾಯಿಗಳ ಅಳತೆ ಆ ಭಾರವನ್ನು ನಂಬಿಕೊಂಡೇ ಇರುವುದು. ನಾವು ದೊಡ್ಡವರಿಬ್ಬರು, ಮಕ್ಕಳಿಬ್ಬರು. ಸೊಲೆಂಟಿನ ಪಶ್ಚಿಮ ಬಾಯಲ್ಲಿರುವ ಹರ್ಸ್ಟ್ ಕೋಟೆಯ ಹತ್ತಿರ ದೊಡ್ಡ ಇಳಿತದಲ್ಲಿ ನೀರಿನ ಸೆಳೆತ 4 ನಾಟ್ ದಾಟುತ್ತದೆ, ಎದುರಿನಿಂದ ಗಾಳಿ ಬಂದರೆ ಅಲೆ ಕಡಿದಾಗಿ ಏಳುತ್ತದೆ. ಅಲ್ಲಿ ಫೋರ್ಸ್ 5 (17ರಿಂದ 21 ನಾಟ್) ಗಾಳಿ ಸಿಕ್ಕಾಗ ದೋಣಿ ಮಲಗಿಯೇಬಿಟ್ಟಿತು. ದೊಡ್ಡ ಹಾಯಿ ಇಳಿಸಲು ಹೋದರೆ ಅದು ಕೂವೆಕಂಬದ ತೋಡಿನಿಂದ ಪೂರ್ತಿ ಕಳಚಿಕೊಂಡು ಡೆಕ್ ತುಂಬ ಹಾರಾಡಿತು. ರೇಸ್ ಹಾಯಿಗಳಲ್ಲಿ ಎಷ್ಟೋ ಹೀಗೆಯೇ, ಅಂಚಿನಲ್ಲಿ ಹಗ್ಗ ಹೊಲಿದಿರುತ್ತಾರೆ, ತೋಡಿನಲ್ಲಿ ನಿಲ್ಲುವ ಸ್ಲೈಡ್ ಇರುವುದಿಲ್ಲ. ಅದನ್ನು ಹಿಡಿದು ಮಡಚಲು ನಾಲ್ಕು ಜನ ಬೇಕು. ಹೆಂಡತಿ ಚುಕ್ಕಾಣಿ ಹಿಡಿದಿದ್ದಳು. ‘ರೀ, ಮಕ್ಕಳನ್ನು ಒಳಗೆ ಕಳಿಸಿ ಮೊದಲು’ ಎಂದು ಕೂಗಿದಳು. ಮಕ್ಕಳು ಕೂರುವ ಜಾಗದ ಮಧ್ಯದಲ್ಲೇ ಮೇನ್‌ಶೀಟಿನ (ದೊಡ್ಡ ಹಾಯಿಯನ್ನು ಹಿಡಿಯುವ ಹಗ್ಗದ) ಹಳಿ ಹಾದುಹೋಗುತ್ತಿತ್ತು. ಆ ಹಳಿಯ ಮೇಲೆ ಹಗ್ಗ ರಭಸದಿಂದ ಜಾರುವಾಗ ಪುಟ್ಟ ಕೈ ಸಿಕ್ಕಿಕೊಂಡರೆ ಬೆರಳು ಉಳಿಯುವುದಿಲ್ಲ.

2.2 ಮೀಟರ್ ಕೀಲ್ ಇನ್ನೊಂದು ತೊಡಕು. ಗಂಗೊಳ್ಳಿ ಅಳಿವೆಯ ಮರಳದಿಣ್ಣೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ವೈಟ್ ದ್ವೀಪದ ಬೆಂಬ್ರಿಜ್ ಬಂದರಿಗೆ ಉಬ್ಬರ ನೋಡಿಯೇ ಹೋಗಬೇಕು. ಬ್ಯೂಲಿ ನದಿಯ ಬಾಯಲ್ಲಿ ಇಳಿತದ ಹೊತ್ತು ಆಳದ ಕೀಲ್‌ನವರು ಹೊರಗೇ ಕಾಯಬೇಕು. ಮಕ್ಕಳಿಗೆ ಇಷ್ಟವಾಗುವ ಜಾಗಗಳು ಇಂಥವೇ ಅಲ್ವಾ?

ಹಾಗಾದರೆ ಎರಡೂ ಒಂದೇ ದೋಣಿಯಲ್ಲಿ ಸಾಧ್ಯವೇ ಇಲ್ಲವೇ? ಸಾಧ್ಯ. ಬೇರೆ ಬೇರೆ ವೇಗದ ದೋಣಿಗಳನ್ನು ಸರಿದೂಗಿಸುವ ಐಆರ್‌ಸಿ ಎಂಬ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ದೋಣಿಗೂ ಒಂದು ಗುಣಕ ಇರುತ್ತದೆ, ಹಿಡಿದ ಸಮಯವನ್ನು ಅದರಿಂದ ಗುಣಿಸುತ್ತಾರೆ. ಗುಣಕ 1.020 ಇದ್ದು, ರೇಸ್ 300 ನಿಮಿಷ ಹಿಡಿದರೆ ಲೆಕ್ಕಕ್ಕೆ ಹಿಡಿಯುವ ನಿಮ್ಮ ಸಮಯ 306 ನಿಮಿಷ. ನಿಧಾನದ ದೋಣಿಗೆ ಕಡಿಮೆ ಗುಣಕ, ಆದ್ದರಿಂದ ಅದಕ್ಕೂ ಗೆಲ್ಲುವ ದಾರಿ ಇದೆ. ವೈಟ್ ದ್ವೀಪ ಸುತ್ತುವ 50 ನಾಟಿಕಲ್ ಮೈಲಿಯ ರೇಸ್ 1931ರಲ್ಲಿ ಶುರುವಾಯಿತು. ಹ್ಯಾಂಡಿಕ್ಯಾಪ್ ಲೆಕ್ಕದ ಆ ಮೊದಲ ರೇಸ್ ಗೆದ್ದದ್ದು 22 ಅಡಿಯ ಒಂದು ಕಾರ್ನ್‌ವಾಲ್ ಮೀನುಗಾರಿಕೆ ದೋಣಿ. ಆದ್ದರಿಂದ ಮನೆಯವರಿಗೆ ಹೊಂದುವ ದೋಣಿಯನ್ನು ಮೊದಲು ಆರಿಸಿ, ಅದರಲ್ಲೇ ರೇಸ್ ಆಡಿ ಎನ್ನುವುದು ನನ್ನ ಮಾತು. ಉಲ್ಟಾ ದಾರಿ ಹಿಡಿಯಬೇಡಿ. ಮುಂದೆ ಬೌಸ್ಪ್ರಿಟ್ (ಮೂತಿಯಿಂದ ಮುಂಚಾಚಿದ ಕೋಲು) ಇದ್ದು, ಬೇರೆ ಪೋಲ್ ಬೇಡದ ಸ್ಪಿನ್ನೇಕರ್ (ಬಲೂನಿನಂತೆ ಉಬ್ಬುವ ಮುಂದಿನ ಹಾಯಿ) ಹಾಕುವ ದೋಣಿಗಳನ್ನು ಕಡಿಮೆ ಜನ ನಡೆಸಬಹುದು. ಜೆ/109 ಎಂಬ ಮಾದರಿ ಅಂಥದ್ದು. ಡೆನ್ಮಾರ್ಕಿನ ಎಕ್ಸ್-ಯಾಟ್ಸ್ ಕಂಪನಿಯ ಹಳೆಯ ಮಾದರಿಗಳಲ್ಲಿ ಕೀಲ್ ಭಾರ ಹೊರಲು ಉಕ್ಕಿನ ಚೌಕಟ್ಟು ಇದೆ. ಅದು ನನಗೆ ಹಿಡಿಸಿದೆ, ಆದರೆ ಅಲ್ಲಿಯೂ ತುಕ್ಕು ನೋಡಬೇಕು.

ಟ್ರಯಲ್‌ಗೆ ಬ್ರೋಕರ್ ಕಡೆಯ ಜನ ಬೇಡ. ಮನೆಯವರೇ ಹೋಗಿ, 15 ನಾಟ್ ಗಾಳಿಯಾದರೂ ಇರುವ ದಿನ. ಹಾಯಿ ನೀವೇ ಏರಿಸಿ, ನೀವೇ ಇಳಿಸಿ. ಐಆರ್‌ಸಿ ಸರ್ಟಿಫಿಕೇಟ್ ಕೇಳಿ, ಅದರಲ್ಲಿ ಸಿಬ್ಬಂದಿಯ ಸಂಖ್ಯೆ ಇರುತ್ತದೆ. ಸರ್ವೇಯರನ್ನು ನೀವೇ ಹುಡುಕಿ, ಕ್ರೇನಿಗೆ ಎಷ್ಟೇ ಕಾಯಬೇಕಾದರೂ ಕಾಯಿರಿ. ದೋಣಿ ತೂಗುವಾಗಲೂ ನೆಲಕ್ಕಿಳಿದಾಗಲೂ ಕೀಲ್ ಸಂದನ್ನು ಅವರು ನೋಡಲೇಬೇಕು. ಕೂವೆಕಂಬ ಹಿಡಿದ ತಂತಿಗಳಿಗೆ ಹತ್ತು ವರ್ಷ ದಾಟಿದೆಯೇ, ಸೇಲ್‌ಡ್ರೈವ್ (ಎಂಜಿನ್ನಿನಿಂದ ತಳದ ಮೂಲಕ ಪ್ರೊಪೆಲರಿಗೆ ಇಳಿಯುವ ಭಾಗ) ಸುತ್ತಲಿನ ನೀರು ತಡೆಯುವ ರಬ್ಬರ್ ಯಾವಾಗ ಬದಲಾಯಿಸಿದ್ದಾರೆ ಎಂದೂ ಕೇಳಿ. ಎಂಜಿನ್ ತಯಾರಿಸುವ ವೋಲ್ವೋ ಪೆಂಟಾ ಆ ರಬ್ಬರಿಗೆ ಹೇಳುವುದು ಏಳು ವರ್ಷ.

ನಮ್ಮ ದೋಣಿ ಈಗ ಯಾರ್ಡಿನಲ್ಲಿದೆ. ಕೀಲ್ ಬಿಚ್ಚಿ, ಚೌಕಟ್ಟನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಮುಗಿದ ಮೇಲೆ ಮಾರುತ್ತೇವೆ, ಬಿರುಕಿನ ಫೋಟೊ ಮತ್ತು ರಿಪೇರಿಯ ಎಲ್ಲ ಕಾಗದಗಳನ್ನು ಜಾಹೀರಾತಿನಲ್ಲೇ ಹಾಕುತ್ತೇವೆ. ಹ್ಯಾಂಪ್‌ಶೈರ್ ಸುತ್ತಮುತ್ತ ಯಾರಾದರೂ ದೋಣಿ ನೋಡಲು ಹೋಗುವುದಿದ್ದರೆ ನನಗೊಂದು ಮಾತು ತಿಳಿಸಿ. ಟಾರ್ಚ್ ಹಿಡಿದುಕೊಂಡು ಜೊತೆಗೆ ಬರುತ್ತೇನೆ.