ಆನ್‌ಲೈನ್ ಪಾಠಕ್ಕೆಂದು ತೆರೆದ ಬಾಗಿಲುಗಳನ್ನು ಮುಚ್ಚಿದ್ದೀರಾ?

ಅರ್ಧ ಪಾಠ ತರಗತಿಯಲ್ಲಿ, ಅರ್ಧ ಮನೆಯಲ್ಲಿ ನಡೆಸುವ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರು, ಅದಕ್ಕೆ ಹಣ ಮಂಜೂರು ಮಾಡುವವರು ಈ ಎರಡು ಪ್ರಕರಣಗಳನ್ನು ದಯವಿಟ್ಟು ಪೂರ್ತಿ ಓದಿ. ಎರಡರಲ್ಲೂ ಕಳ್ಳರು ತೆರೆದಿದ್ದ ಬಾಗಿಲಿನಿಂದಲೇ ಒಳಬಂದರು.

ಮೊದಲನೆಯದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯದು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸುಮಾರು 1,15,000 ಮಕ್ಕಳು. ಕೋವಿಡ್ ಕಾಲವಾದ್ದರಿಂದ ಪಾಠ ಆನ್‌ಲೈನ್‌ನಲ್ಲಿ ನಡೆಯುತ್ತಿತ್ತು. 2020ರ ನವೆಂಬರ್ 24ರಂದು ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ದಾಳಿಯಿಂದ ಜಾಲ ಸ್ತಬ್ಧವಾಯಿತು. ತರಗತಿಗಳು ಮತ್ತೆ ಶುರುವಾದದ್ದು ಡಿಸೆಂಬರ್ 2ಕ್ಕೆ. ಚೇತರಿಕೆಯ ಖರ್ಚು ಒಂದು ಕೋಟಿ ಡಾಲರ್ ಹತ್ತಿರಕ್ಕೆ ಹೋಯಿತು. ಮೂಲ ಲಗತ್ತಿದ್ದ ಒಂದು ಫಿಶಿಂಗ್ ಮೇಲ್, ಅಂದರೆ ನಂಬಿಸಿ ಮೋಸಮಾಡುವ ನಕಲಿ ಮೇಲ್. ಅದರ ಬಗ್ಗೆ ಸಿಬ್ಬಂದಿ ತಾಂತ್ರಿಕ ಸಹಾಯಕರಿಗೆ ತಿಳಿಸಿದ್ದರು, ಅವರು ಅದನ್ನು ಭದ್ರತೆಯ ಗುತ್ತಿಗೆದಾರರಿಗೆ ಕಳಿಸಿದ್ದರು. ಗುತ್ತಿಗೆದಾರರು ಆ ಲಗತ್ತನ್ನು ರಕ್ಷಣೆಯಿಲ್ಲದ ಖಾತೆಯಲ್ಲಿ ತೆರೆದುಬಿಟ್ಟರು ಎಂದು 2023ರಲ್ಲಿ ಬಂದ ತನಿಖಾ ವರದಿ ಹೇಳಿತು.

ಮಾಹಿತಿ ಸರಿಯಾದವರ ಕೈಗೇ ತಲುಪಿತ್ತು, ಎಡವಟ್ಟಾದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಬಹಳಷ್ಟು ಶಾಲೆಗಳು ಶಿಕ್ಷಕರಿಗೆ 'ಅಪರಿಚಿತ ಲಿಂಕ್ ಒತ್ತಬೇಡಿ' ಎಂದು ತರಬೇತಿ ಕೊಟ್ಟು ಕೈತೊಳೆದುಕೊಳ್ಳುತ್ತವೆ, ಅನುಮಾನದ ಮೇಲ್ ಬಂದ ಮೇಲೆ ಅದನ್ನು ಯಾರು, ಯಾವ ಯಂತ್ರದಲ್ಲಿ ತೆರೆಯಬೇಕೆಂದು ಎಲ್ಲೂ ಬರೆದಿಡುವುದಿಲ್ಲ. ಬರೆದಿಡಿ. ಮೇಲನ್ನು ಫಾರ್ವರ್ಡ್ ಮಾಡುವ ಬದಲು ಮೇಲ್ ಸೇವೆಯಲ್ಲೇ ಇರುವ ವರದಿ ಬಟನ್ ಬಳಸಿ. ಪರೀಕ್ಷಿಸಲೇಬೇಕಿದ್ದರೆ ಶಾಲೆಯ ಜಾಲಕ್ಕೆ ಸೇರದ, ಕೆಲಸ ಮುಗಿದ ಮೇಲೆ ಅಳಿಸಿಹಾಕುವ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ಮಾತ್ರ ತೆರೆಯಿರಿ. ಅದೇ ಮೇಲ್ ಇನ್ನಾರಿಗೆ ಬಂದಿದೆ ನೋಡಿ, ಎಲ್ಲರ ಇನ್‌ಬಾಕ್ಸ್‌ನಿಂದ ತೆಗೆಸಿ.

ಎರಡನೆಯದು ಇನ್ನೂ ನೋವಿನದು, ಏಕೆಂದರೆ ಇಲ್ಲಿ ಕನ್ನ ಬಿದ್ದದ್ದು ಶಾಲೆಗಳಿಗೆ ನೇರವಾಗಿ ಅಲ್ಲ, ಅವು ನಂಬಿದ್ದ ಕಂಪನಿಗೆ. ವಿದ್ಯಾರ್ಥಿ ದಾಖಲೆಗಳ ತಂತ್ರಾಂಶ ಒದಗಿಸುವ ಪವರ್‌ಸ್ಕೂಲ್ ಕಂಪನಿಯ ಗ್ರಾಹಕ ನೆರವಿನ ಪೋರ್ಟಲ್‌ಗೆ 2024ರ ಡಿಸೆಂಬರ್‌ನಲ್ಲಿ ಕದ್ದ ಪಾಸ್‌ವರ್ಡ್ ಹಾಕಿ ಒಬ್ಬ ಒಳಹೊಕ್ಕ. ಆ ಪೋರ್ಟಲ್‌ಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ದೃಢೀಕರಣ) ಇರಲಿಲ್ಲ. ರಿಪೇರಿಗೆಂದು ಇದ್ದ ಸವಲತ್ತಿನ ಮೂಲಕವೇ ಶಾಲೆಗಳ ಡೇಟಾ ಹೊರಗೆ ಹೋಯಿತು. ಡೇಟಾ ಹೊರಗೆ ಹಾಕದಿರಲು ಕಂಪನಿ ಕಳ್ಳರಿಗೆ ಹಣ ಕೊಟ್ಟಿತು, ಡೇಟಾ ಅಳಿಸಿದ್ದೇವೆಂದು ಅವರು ತೋರಿಸುವ ವಿಡಿಯೋ ಕೂಡ ಸಿಕ್ಕಿತು. ಆದರೂ 2025ರ ಮೇ ತಿಂಗಳಲ್ಲಿ ಅದೇ ಡೇಟಾ ಹಿಡಿದು ಶಾಲಾ ಮಂಡಳಿಗಳಿಗೇ ನೇರವಾಗಿ ಬೆದರಿಕೆ ಬರತೊಡಗಿತು. ಹಣ ಕೊಟ್ಟರೆ ಮುಗಿಯುತ್ತದೆ ಎಂದು ಹೇಳುವವರಿಗೆ ಇದನ್ನು ತೋರಿಸಿ.

ಕೆನಡಾದ ಟೊರೊಂಟೊ ಶಾಲಾ ಮಂಡಳಿಯಿಂದ ಹೋದ ದಾಖಲೆಗಳು 1985ರವರೆಗೂ ಹಿಂದಕ್ಕೆ ಚಾಚಿದ್ದವು. ಶಾಲೆ ಬಿಟ್ಟು ದಶಕಗಳಾದವರ ವಿವರ ಆನ್‌ಲೈನ್ ಸರ್ವರ್‌ನಲ್ಲಿ ಯಾಕಿರಬೇಕು? ಶಾಲೆ ಬಿಟ್ಟವರ ದಾಖಲೆಗಳಲ್ಲಿ ಕಾನೂನು ಕೇಳುವಷ್ಟನ್ನು ಮಾತ್ರ ಆಫ್‌ಲೈನ್‌ಗೆ ಸಾಗಿಸಿ ಉಳಿದದ್ದನ್ನು ಅಳಿಸಿ. ಆರೋಗ್ಯದ ಟಿಪ್ಪಣಿ, ಗುರುತಿನ ಸಂಖ್ಯೆ, ಪೋಷಕರ ನಡುವಿನ ನ್ಯಾಯಾಲಯದ ಆದೇಶ, ಇಂಥವು ಸೋರಿದರೆ ಪಾಸ್‌ವರ್ಡ್‌ನಂತೆ ಬದಲಿಸಲು ಬರುವುದಿಲ್ಲ. ತಂತ್ರಾಂಶ ಒದಗಿಸುವವರಿಗೆ ಕೊಟ್ಟಿರುವ ದೂರದ ಪ್ರವೇಶವನ್ನು ಆಫ್ ಮಾಡಿಡಿ, ಕೆಲಸವಿದ್ದಾಗ ಕೆಲವು ಗಂಟೆ ತೆರೆದು ಮತ್ತೆ ಮುಚ್ಚಿ. ಅವರ ಸಿಬ್ಬಂದಿಗೆ ಎರಡು ಹಂತದ ಲಾಗಿನ್ ಕಡ್ಡಾಯವೆಂದು ಒಪ್ಪಂದದಲ್ಲೇ ಬರೆಸಿ. ಲಾಗ್‌ಗಳನ್ನು (ಯಾರು, ಯಾವಾಗ ಒಳಬಂದರೆಂಬ ದಾಖಲೆ) ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಿ. ಪವರ್‌ಸ್ಕೂಲ್ ಪ್ರಕರಣದಲ್ಲಿ ಅದೇ ಲಾಗಿನ್ 2024ರ ಆಗಸ್ಟ್–ಸೆಪ್ಟೆಂಬರ್‌ನಲ್ಲೂ ಬಳಕೆಯಾಗಿತ್ತು, ಆದರೆ ಆಗ ಬಂದವರೂ ಇವರೇ ಎಂದು ಹೇಳಲು ಬೇಕಾದಷ್ಟು ಹಳೆಯ ಲಾಗ್ ಉಳಿದಿರಲಿಲ್ಲ.

ಇನ್ನು ನಿಮ್ಮ ಶಾಲೆಯ ಬಾಗಿಲುಗಳು. ಆಫೀಸಿನ ಕಂಪ್ಯೂಟರನ್ನು ಮನೆಯಿಂದ ಬಳಸಲೆಂದು ಯಾರೋ ರೂಟರ್‌ನಲ್ಲಿ 3389ನೇ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ, ಸಂಖ್ಯೆಯಿರುವ ದ್ವಾರ) ತೆರೆದಿರುತ್ತಾರೆ. ರಿಮೋಟ್ ಡೆಸ್ಕ್‌ಟಾಪ್‌ನ ಈ ಪೋರ್ಟ್‌ಗಾಗಿ ಇಂಟರ್‌ನೆಟ್ಟನ್ನು ಸ್ವಯಂಚಾಲಿತ ತಂತ್ರಾಂಶಗಳು ಹಗಲುರಾತ್ರಿ ಜಾಲಾಡುತ್ತಲೇ ಇರುತ್ತವೆ, ಸಿಕ್ಕ ಕಡೆ ಪಾಸ್‌ವರ್ಡ್ ಊಹಿಸುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಲದು. ಮುಚ್ಚಿ, ವಿಪಿಎನ್ (ಹೊರಗಿನಿಂದ ಶಾಲೆಯ ಜಾಲಕ್ಕೆ ಬರುವ ಸುರಕ್ಷಿತ ದಾರಿ) ಹಾಕಿ, ಅದಕ್ಕೂ ಎರಡನೇ ಹಂತ ಇರಲಿ. ಶಿಕ್ಷಕರಿಗೆ, ಅದಕ್ಕೂ ಮುಂಚೆ ಅಡ್ಮಿನ್ ಖಾತೆಗಳಿಗೆ, ಸೆಕ್ಯುರಿಟಿ ಕೀ (ಲಾಗಿನ್‌ಗೆ ಬಳಸುವ ಪುಟ್ಟ ಸಾಧನ) ಅಥವಾ ಪಾಸ್‌ಕೀ (ಫೋನ್, ಕಂಪ್ಯೂಟರಿನಲ್ಲೇ ಇರುವ ಅಂಥದೇ ಡಿಜಿಟಲ್ ಕೀಲಿ) ಕೊಡಿ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ, ಆದರೆ ನಕಲಿ ಲಾಗಿನ್ ಪುಟ ಅದನ್ನೂ ಕೇಳಿ ಕಿತ್ತುಕೊಳ್ಳುತ್ತದೆ. ಕೀ ಮಾತ್ರ ಅಸಲಿ ವಿಳಾಸ ಅಲ್ಲದಿದ್ದರೆ ಉತ್ತರಿಸುವುದೇ ಇಲ್ಲ. ಮಕ್ಕಳ ಪಾಸ್‌ವರ್ಡ್ ಹುಟ್ಟಿದ ದಿನಾಂಕ, ರೋಲ್ ನಂಬರ್ ಜೋಡಿಸಿ ಮಾಡಿದ್ದಾದರೆ ಇಡೀ ತರಗತಿಗೆ ಒಬ್ಬರು ಇನ್ನೊಬ್ಬರದು ಗೊತ್ತು ಎಂದೇ ಲೆಕ್ಕ.

ಆನ್‌ಲೈನ್ ತರಗತಿಗೆ ನುಗ್ಗಿ ಅಶ್ಲೀಲ ಚಿತ್ರ ತೋರಿಸುವ ಹಾವಳಿಯಲ್ಲಿ ಲಿಂಕ್ ಹೊರಗೆ ಹಂಚುವುದು ಬಹುಪಾಲು ಒಳಗಿನವರೇ. ಆದ್ದರಿಂದ ಇಡೀ ತರಗತಿಗೆ ಒಂದೇ ಪಾಸ್‌ಕೋಡ್ ಕೊಟ್ಟರೆ ತಡೆಯಾಗದು, ಲಿಂಕ್‌ನ ಜೊತೆಗೆ ಅದೂ ಹೋಗುತ್ತದೆ. ಶಾಲೆಯ ಖಾತೆಯಲ್ಲಿ ಲಾಗಿನ್ ಆದವರಿಗೆ ಮಾತ್ರ ಪ್ರವೇಶ ಎಂದು ಅಡ್ಮಿನ್ ಮಟ್ಟದಲ್ಲೇ ಬಿಗಿಮಾಡಿ, ಸ್ಕ್ರೀನ್ ಹಂಚಿಕೆ ಶಿಕ್ಷಕರಿಗಷ್ಟೇ ಇರಲಿ. ಪ್ರತಿ ಶಿಕ್ಷಕರೂ ಪ್ರತಿ ಸಲ ಇದನ್ನು ನೆನಪಿಟ್ಟುಕೊಂಡು ಮಾಡಬೇಕೆಂದರೆ ಆಗುವ ಕೆಲಸವಲ್ಲ.

ಮಕ್ಕಳು ಮನೆಗೆ ಒಯ್ಯುವ ಲ್ಯಾಪ್‌ಟಾಪ್‌ನಲ್ಲಿ ಅಡ್ಮಿನ್ ಅಧಿಕಾರ ಇರಬಾರದು, ಡಿಸ್ಕ್ ಎನ್‌ಕ್ರಿಪ್ಟ್ (ಕೀಲಿಯಿಲ್ಲದೆ ಓದಲಾಗದಂತೆ) ಆಗಿರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದಿರುವ ಯಂತ್ರಗಳನ್ನು ಪಟ್ಟಿಮಾಡಿ. ಮನೆಯಿಂದ ಮರಳಿದ ಯಂತ್ರ ಕಚೇರಿಯ ಸರ್ವರ್‌ಗಳಿರುವ ಜಾಲಕ್ಕೆ ನೇರವಾಗಿ ಸೇರದಂತೆ ಪ್ರತ್ಯೇಕ ವಿಎಲ್‌ಎಎನ್ (ಜಾಲದೊಳಗೇ ಬೇರ್ಪಡಿಸಿದ ಭಾಗ) ಮಾಡಿ.

ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಇವುಗಳಲ್ಲಿ ಒಂದಾದರೂ ಜಾಲದಿಂದ ಪೂರ್ತಿ ಬೇರ್ಪಟ್ಟಿರಲಿ, ಏಕೆಂದರೆ ದಾಳಿಕೋರರು ಮೊದಲು ಹುಡುಕಿ ಅಳಿಸುವುದು ಬ್ಯಾಕಪ್ಪನ್ನೇ. ಅವಧಿಗೊಮ್ಮೆ ಒಂದು ತರಗತಿಯ ಅಂಕಗಳನ್ನಾದರೂ ಅದರಿಂದ ಮರಳಿ ತೆಗೆದು ನೋಡಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ.

ದಾಳಿ ಕಂಡ ಕ್ಷಣ ಯಂತ್ರದ ಕೇಬಲ್ ಕಿತ್ತು ವೈಫೈ ಆಫ್ ಮಾಡಿ, ಆದರೆ ಪವರ್ ಆಫ್ ಮಾಡಬೇಡಿ. ಮೆಮೊರಿಯಲ್ಲಿರುವ ಸಾಕ್ಷ್ಯ ಅಳಿಸಿಹೋಗುತ್ತದೆ. ಮಾತುಕತೆ ಫೋನಿನಲ್ಲಿ ನಡೆಯಲಿ, ಶಾಲೆಯ ಮೇಲ್ ಆಗಲೇ ಅವರ ಕಣ್ಣಡಿಯಲ್ಲಿರಬಹುದು. ಕರೆ ಮಾಡಬೇಕಾದವರ ಸಂಖ್ಯೆಗಳ ಪಟ್ಟಿ ಕಾಗದದ ಮೇಲೆ, ಸರ್ವರ್ ಕೋಣೆಯಲ್ಲೊಂದು, ಮುಖ್ಯೋಪಾಧ್ಯಾಯರ ಮನೆಯಲ್ಲೊಂದು ಇರಲಿ.