ಹಳೆಯ ಪಂದ್ಯಗಳ ಚಂದಾ ಸೇವೆ: ಒಂದು ವರ್ಷದ ಬಳಕೆಯ ನಂತರ

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಹಳೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ತುಣುಕುಗಳಾಗಿ ಕತ್ತರಿಸದೆ ಪೂರ್ತಿಯಾಗಿ ತೋರಿಸುವ ಚಂದಾ ಸೇವೆಯೊಂದನ್ನು ನಾನು ಕಳೆದ ವರ್ಷ ತೆಗೆದುಕೊಂಡೆ. ಮೈಕೆಲ್ ಜೋರ್ಡನ್ ಆಡುತ್ತಿದ್ದ 1990ರ ದಶಕದ ಆಟವೇ ಆಟ, ಈಗಿನದು ದೂರದಿಂದ ಚೆಂಡೆಸೆಯುವ ಸ್ಪರ್ಧೆ ಎಂದು ವಾದಿಸುವವರಲ್ಲಿ ನಾನೂ ಒಬ್ಬನಾಗಿದ್ದೆ. ಆ ವಾದಕ್ಕೆ ಪುರಾವೆ ಹುಡುಕುವುದೇ ಉದ್ದೇಶವಾಗಿತ್ತು. ಕೊಟ್ಟ ಹಣಕ್ಕೆ ಮೋಸವಾಗಿಲ್ಲ, ಆದರೆ ವಾದ ಅರ್ಧದಷ್ಟು ಕುಸಿದಿದೆ.

ಮೊದಲು ನೋಡಿದ್ದು ಲೀಗ್‌ನ ಚಾಂಪಿಯನ್ ಯಾರೆಂದು ನಿರ್ಧರಿಸುವ ಫೈನಲ್ಸ್ ಸರಣಿಯ, 1998ರ ಜೂನ್ 14ರ ಪಂದ್ಯ. 45 ಅಂಕ ಗಳಿಸಿದ ಮೈಕೆಲ್ ಜೋರ್ಡನ್, 5.2 ಸೆಕೆಂಡು ಉಳಿದಿದ್ದಾಗ ಹಾಕಿದ ಬ್ಯಾಸ್ಕೆಟ್‌ನಿಂದ ಶಿಕಾಗೊ ಬುಲ್ಸ್ ತಂಡವು ಯೂಟಾ ಜಾಝ್ ತಂಡವನ್ನು 87–86ರಿಂದ ಸೋಲಿಸಿದ್ದನ್ನು ತುಣುಕುಗಳಲ್ಲಿ ಎಲ್ಲರೂ ನೋಡಿದ್ದಾರೆ. ಅದಕ್ಕೂ ಮುಂಚಿನ ಆಟವನ್ನು ಕೂತು ನೋಡಿದವರು ಕಡಿಮೆ. ಆಗ ಜೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬೊಬ್ಬ ಎದುರಾಳಿಯನ್ನು ಕಾಯುವ ಬದಲು ಕೋರ್ಟಿನ ಒಂದೊಂದು ಜಾಗವನ್ನು ಕಾಯುವುದಕ್ಕೆ, ಅವಕಾಶವಿರಲಿಲ್ಲವಾದ್ದರಿಂದ, ಮೂವರು ಆಟಗಾರರು ಕೋರ್ಟಿನ ಒಂದು ಮಗ್ಗುಲಿಗೆ ಸರಿದು ಸುಮ್ಮನೆ ನಿಂತರೂ ಅವರನ್ನು ಕಾಯುವವರು ಅವರ ಹಿಂದೆಯೇ ಹೋಗಬೇಕಾಗುತ್ತಿತ್ತು, ತೆರವಾದ ಇನ್ನೊಂದು ಮಗ್ಗುಲಲ್ಲಿ ಇಬ್ಬರೇ ಸೆಣಸುತ್ತಿದ್ದರು. ಚೆಂಡು ಜೋರ್ಡನ್ ಕೈಯಲ್ಲಿದ್ದರೆ ಇದು ಕಣ್ಣಿಗೆ ಹಬ್ಬ, ಉಳಿದವರ ಕೈಗೆ ಬಂದಾಗ ಆಕಳಿಕೆ. ಅದೇ ಸರಣಿಯ ಮೂರನೆಯ ಪಂದ್ಯದಲ್ಲಿ ಜಾಝ್ ಗಳಿಸಿದ್ದು ಒಟ್ಟು 54 ಅಂಕ ಮಾತ್ರ; ಅದಕ್ಕೆ ಬುಲ್ಸ್ ಡಿಫೆನ್ಸ್ ಎಷ್ಟು ಕಾರಣವೋ ಆ ಕಾಲದ ನಿಧಾನಗತಿಯೂ ಅಷ್ಟೇ ಕಾರಣ ಎಂಬುದು ನನ್ನ ಅನಿಸಿಕೆ.

ಜೋನ್ ಡಿಫೆನ್ಸ್‌ಗೆ 2001–02ರಲ್ಲಿ ಅನುಮತಿ ಸಿಕ್ಕಿತು, 2004–05ರಿಂದ ಡ್ರಿಬಲ್ ಮಾಡುವವನ (ಚೆಂಡು ಪುಟಿಸುತ್ತ ಸಾಗುವವನ) ಮೈಮೇಲೆ ಕೈಯಿಟ್ಟು ತಡೆಯುವುದರ ಮೇಲೆ ನಿಯಮ ಬಿಗಿಯಾಯಿತು. ಇದರ ಫಲವನ್ನು ಕಾಣಬೇಕಾದರೆ 2016ರ ಫೈನಲ್ಸ್‌ನ ಏಳನೆಯ ಪಂದ್ಯದ ಕೊನೆಯ ನಿಮಿಷವನ್ನು ನೋಡಬೇಕು. ಕ್ಲೀವ್‌ಲ್ಯಾಂಡ್ ತಂಡ ಮೂರು ಅಂಕ ಮುಂದಿದೆ; ಎದುರಾಳಿ ಗೋಲ್ಡನ್ ಸ್ಟೇಟ್ ತಂಡದ ಸ್ಟೀಫನ್ ಕರಿ ಎದುರು ತ್ರೀ ಪಾಯಿಂಟ್ ಗೆರೆಯಾಚೆ (ಅಲ್ಲಿಂದ ಹಾಕಿದ ಬ್ಯಾಸ್ಕೆಟ್‌ಗೆ ಮೂರು ಅಂಕ) ನಿಂತಿರುವವರು ಕ್ಲೀವ್‌ಲ್ಯಾಂಡಿನ ಕೆವಿನ್ ಲವ್, ಬ್ಯಾಸ್ಕೆಟ್‌ನಡಿ ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿಯುವುದಕ್ಕೆ ಹೆಸರಾದ ದೊಡ್ಡ ಆಳು. ಕರಿ ಎಡಬಲಕ್ಕೆ ಎಳೆದಾಡಿದರೂ ಲವ್ ಹೆಜ್ಜೆ ತಪ್ಪುವುದಿಲ್ಲ, ಕೊನೆಗೆ ಹೊಡೆತ ಗುರಿ ತಪ್ಪುತ್ತದೆ. 1998ರ ದೊಡ್ಡ ಆಟಗಾರನಿಗೆ ಇಂಥ ಪರೀಕ್ಷೆ ಅಪರೂಪವಾಗಿತ್ತು. ಶ್ರೇಷ್ಠರನ್ನು ಶ್ರೇಷ್ಠರೊಂದಿಗೆ ತೂಗಿದರೆ ಅಂತರ ಹೆಚ್ಚಿಲ್ಲ. ತಂಡದ ಏಳನೆಯ, ಎಂಟನೆಯ ಆಟಗಾರ ಮಾತ್ರ ಈಗ ಬೇರೆಯೇ ಮಟ್ಟದವನು. ಆಟಗಾರರು ಬರುವ ಜಗತ್ತೂ ಹಿಗ್ಗಿದೆ: 2019ರಿಂದ 2025ರವರೆಗಿನ ಎಲ್ಲ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಪ್ರಶಸ್ತಿಗಳೂ ಅಮೆರಿಕದ ಹೊರಗೆ ಹುಟ್ಟಿದವರ ಪಾಲಾಗಿವೆ.

ಹಾಗೆಂದು ಹಳೆಯ ದೂರನ್ನು ಪೂರ್ತಿ ಹಿಂದೆಗೆದುಕೊಳ್ಳಲಾರೆ. ತಂಡವೊಂದು ಪಂದ್ಯಕ್ಕೆ ಸರಾಸರಿ ಎಸೆಯುತ್ತಿದ್ದ ತ್ರೀ ಪಾಯಿಂಟರ್‌ಗಳು 1979–80ರಲ್ಲಿ 2.8, 1997–98ರಲ್ಲಿ 12.7, 2023–24ರಲ್ಲಿ 35.1. 2018ರ ಪಶ್ಚಿಮ ವಲಯದ ಫೈನಲ್‌ನ ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸತತ 27 ತ್ರೀ ಪಾಯಿಂಟರ್ ತಪ್ಪಿಸಿದ್ದನ್ನು ಎರಡನೆಯ ಸಲ ನೋಡುವ ತಾಳ್ಮೆ ನನಗಿಲ್ಲ. ಹಿಂದೆ ಅದೇ ತಂಡದಲ್ಲಿ ಹಕೀಮ್ ಒಲಾಜುವಾನ್ ಬ್ಯಾಸ್ಕೆಟ್‌ಗೆ ಬೆನ್ನು ಹಾಕಿ, ಭುಜ ಕುಣಿಸಿ, ಒಂದೇ ಕಾಲಿನ ಮೇಲೆ ತಿರುಗಿ ಎದುರಾಳಿಯನ್ನು ಗಾಳಿಗೆ ಹಾರಿಸುತ್ತಿದ್ದ ಆಟ ಈಗ ಹುಡುಕಿದರೂ ಸಿಗುವುದು ಕಷ್ಟ.

ಸೇವೆಯ ವಿಷಯದಲ್ಲಿ ಎರಡು ಕೊರತೆಗಳಿವೆ. ಪಂದ್ಯದ ಪಟ್ಟಿಯಲ್ಲೇ ಅಂತಿಮ ಅಂಕಗಳನ್ನು ಬರೆದಿರುವುದರಿಂದ ಕುತೂಹಲ ಮೊದಲೇ ಸಾಯುತ್ತದೆ. ಎರಡನೆಯದಾಗಿ, ಹಳೆಯ ಚೌಕಟ್ಟಿನ ಚಿತ್ರವನ್ನು ಪರದೆಯುದ್ದಕ್ಕೂ ಹಿಗ್ಗಿಸುತ್ತಾರೆ. 7 ಅಡಿ 2 ಅಂಗುಲದ ಹಳೆಯ ತಾರೆ ಕರೀಂ ಅಬ್ದುಲ್ ಜಬ್ಬಾರ್ ಸಂತೆಯ ಮಂಡಿ ವರ್ತಕನಂತೆ ಗುಂಡಗೆ ಕಾಣುತ್ತಾರೆ. ಟಿವಿಯ ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಿಕೊಂಡರೆ ಇದು ಸರಿಹೋಗುತ್ತದೆ. ಮೂಲ ವೀಕ್ಷಕ ವಿವರಣೆಯನ್ನು ಹಾಗೆಯೇ ಉಳಿಸಿರುವುದು ಮೆಚ್ಚತಕ್ಕದ್ದು. ಹೊಸದಾಗಿ ಚಂದಾ ಕಟ್ಟುವವರು 1987ರ ಜೂನ್ 9ರಂದು ಬಾಸ್ಟನ್‌ನಲ್ಲಿ ನಡೆದ ಲೇಕರ್ಸ್–ಸೆಲ್ಟಿಕ್ಸ್ ಫೈನಲ್ಸ್ ಪಂದ್ಯದಿಂದ ಆರಂಭಿಸಲಿ, ಪಟ್ಟಿಯ ಅಂಕದ ಮೇಲೆ ಕಣ್ಣು ಹಾಯಿಸದೆ.