ಬೆಂಡಿಗೆ ಗಂಟು ಬೇಕೋ ಬೇಡವೋ: ಇಜು ಬಂಡೆಯ ಮೇಲೆ ಒಂದು ದಿನ

ನಮ್ಮೂರು ಹೊನ್ನಾವರದ ಕಡೆ. ಅಳಿವೆಯಲ್ಲಿ ಗಾಳ ಹಾಕುವಾಗ ಚಿಕ್ಕಪ್ಪ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಬೆಂಡು ಮಾಡಿಕೊಳ್ಳುತ್ತಿದ್ದರು. ಬೆಂಡು ಮುಳುಗಿದರೆ ಎಳಿ, ಅಷ್ಟೇ ಪಾಠ. ಜಪಾನಿಗೆ ಬಂದ ಮೇಲೆ ನೋಡಿದರೆ, ಇಲ್ಲಿ ಬೆಂಡು ಕಟ್ಟುವುದರಲ್ಲೇ ಎರಡು ಪಂಗಡ! ಒಂದು ಹನ್‌ಯೂದೋ, ಇನ್ನೊಂದು ಜೆನ್‌ಯೂದೋ. ಎರಡರಲ್ಲೂ ಬೆಂಡಿನ ನಡುವೆ ತೂತು ಇರುತ್ತದೆ, ದಾರ ಅದರೊಳಗೆ ಜಾರುತ್ತದೆ. ಹನ್‌ಯೂದೋದಲ್ಲಿ ದಾರಕ್ಕೆ ಒಂದು ನೂಲಿನ ಗಂಟು ಹಾಕುತ್ತಾರೆ. ಗಂಟು ಬೆಂಡಿಗೆ ಬಂದು ತಡೆದಾಗ, ನಾವು ಹೇಳಿದ ಆಳಕ್ಕೆ ಗಾಳ ಇಳಿದು ಅಲ್ಲೇ ನಿಲ್ಲುತ್ತದೆ. ಜೆನ್‌ಯೂದೋದಲ್ಲಿ ಆ ಗಂಟೇ ಇಲ್ಲ. ಗಾಳ ಇಳಿಯುತ್ತಲೇ ಇರುತ್ತದೆ.

ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಗಂಟಿಲ್ಲದ ಪಂಗಡದವರು. ನಾನು ಗಂಟಿನವನು. ಜನವರಿಯ ಒಂದು ಶನಿವಾರ ಎರಡನ್ನೂ ಒಂದೇ ಬಂಡೆಯ ಮೇಲೆ ಹಾಕಿ ನೋಡೋಣ ಅಂತ ಹೊರಟೆವು.

ಜಾಗ ಇಜು ಪರ್ಯಾಯ ದ್ವೀಪದ ಪೂರ್ವ ದಂಡೆಯ ಜೋಗಸಾಕಿ. ಸುಮಾರು 4000 ವರ್ಷದ ಹಿಂದೆ ಓಮುರೊ ಗುಡ್ಡ ಉಗುಳಿದ ಲಾವಾ ಸಮುದ್ರಕ್ಕೆ ಇಳಿದು ಗಟ್ಟಿಯಾದ ಕಪ್ಪು ಬಂಡೆಸಾಲು ಅದು. ಚಳಿಗಾಲದ ಪಡುಗಾಳಿಗೆ ಹಿಂದಿನ ಗುಡ್ಡಗಳು ಅಡ್ಡ ನಿಲ್ಲುತ್ತವೆ. ಮೂಡುಗಾಳಿ ಬಂದರೆ ಮಾತ್ರ ದೇವರೇ ಗತಿ. ಮೊಳೆ ಹೊಡೆದ ಬೂಟು, ತೊಡೆಸಂದಿನಲ್ಲಿ ಪಟ್ಟಿ ಬಿಗಿಯುವ ಲೈಫ್ ಜಾಕೆಟ್ ಇಲ್ಲದೆ ಇಲ್ಲಿ ಇಳಿಯಬೇಡಿ. ಆ ಪಟ್ಟಿ ಕಟ್ಟದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮಾತ್ರ ಮೇಲೆ ಬರುತ್ತದೆ, ಅಷ್ಟೇ.

ನಾವು ಹಿಡಿಯಲು ಹೋದ ಮೀನು ಮೇಜಿನಾ. ಟೋಕಿಯೋ ಕಡೆ ಈ ಹೆಸರು, ಒಸಾಕಾ ಕಡೆ ಗುರೆ, ಕ್ಯೂಶೂ ಕಡೆ ಕುರೊ, ಅಂದರೆ ಕಪ್ಪ. ಚಳಿಗಾಲದಲ್ಲಿ ಇದಕ್ಕೆ ಕೊಬ್ಬು ಕೂಡುತ್ತದೆ, ಆಗ ಇದರ ಗತ್ತೇ ಬೇರೆ. 30 ಸೆಂ.ಮೀ. ಸಿಕ್ಕರೆ ಖುಷಿ, 40 ಸಿಕ್ಕರೆ ಫೋಟೋ, 50 ಸಿಕ್ಕರೆ ಜೀವಮಾನದ ಕಥೆ.

ಸಾಮಾನು ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ. 5.3 ಮೀಟರ್ ಕೋಲು, ಕೊನೆಗೆ 0.22 ಮಿ.ಮೀ. ದಪ್ಪದ ದಾರ ಎರಡು ಮಾರು. ಇಲ್ಲಿಯ ಗಾಳದವರೂ ಆಳವನ್ನು ಮಾರಿನಲ್ಲೇ ಅಳೆಯುತ್ತಾರೆ! ಅವರ ಮಾತಿನಲ್ಲಿ ಅದು ಹಿರೊ, ಲೆಕ್ಕಕ್ಕೆ ಒಂದೂವರೆ ಮೀಟರ್. ಕೈ ಚಾಚಿ ದಾರ ಅಳೆಯುವಾಗ ಚಿಕ್ಕಪ್ಪ ನೆನಪಾದರು.

ಏಳಕ್ಕೆ ನಾನು ಗಂಟಿನ ಬೆಂಡು ಬಿಟ್ಟೆ. ಬೆಂಡು 3ಬಿ, ಅಂದರೆ 0.95 ಗ್ರಾಂ ಸೀಸ ಹೊರುವಂಥದ್ದು. ಆಳ ಎರಡು ಮಾರು. ಮೊದಲು ಕಾಲಬುಡಕ್ಕೆ ಎರಡು ಸೌಟು ಎರೆ ಎರಚಬೇಕು. ಅಂಟಾರ್ಕ್ಟಿಕದ, ಸಿಗಡಿಯಂಥ ಪುಟ್ಟ ಜೀವಿ ಕ್ರಿಲ್‌ಗೆ ಬ್ರೆಡ್ ಪುಡಿ ಕಲಸಿದ್ದು ಅದು. ಎರೆ ಕದಿಯುವ ಕಳ್ಳಮೀನುಗಳು ಅಲ್ಲಿ ಮುತ್ತಿಕೊಂಡಾಗ ಗಾಳವನ್ನು ಆಚೆ ಎಸೆದು, ಅದರ ಮೇಲೆ ಇನ್ನೊಂದು ಸೌಟು. ಉದುರುವ ಎರೆಯ ನಡುವೆ ನಮ್ಮ ಗಾಳದ ಸಿಗಡಿಯೂ ಒಂದು ಅಂತ ಮೀನಿಗೆ ಅನ್ನಿಸಬೇಕು.

ಮೊದಲ ಗಂಟೆ ಬರೀ ಕಿತಮಕುರಾ. ಅಂಗೈಯಷ್ಟು ವಿಷದ ಊದುಮೀನು. ಹೆಸರಿನ ಅರ್ಥ 'ಉತ್ತರಕ್ಕೆ ದಿಂಬು'. ಇಲ್ಲಿ ಹೆಣವನ್ನು ಉತ್ತರಕ್ಕೆ ತಲೆ ಮಾಡಿ ಮಲಗಿಸುತ್ತಾರೆ. ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಅಂತ ಅಜ್ಜಿ ಬೈಯುತ್ತಿದ್ದದ್ದು ಇದಕ್ಕೇ ಅಲ್ವಾ?

ಎಂಟೂವರೆಯ ಹೊತ್ತಿಗೆ ಬೆಂಡು ಸೊಂಯ್ ಅಂತ ಹಸಿರು ನೀರಿನೊಳಗೆ ಹೋಯಿತು. ಅದನ್ನು ನೋಡುವ ಸುಖಕ್ಕೇ ಗಂಟಿನ ಬೆಂಡು ಬಿಡಲು ಮನಸ್ಸಾಗುವುದಿಲ್ಲ. 33 ಸೆಂ.ಮೀ. ಪೊರೆಪೊರೆಗೂ ಒಂದೊಂದು ಕಪ್ಪು ಚುಕ್ಕೆ. ಅರ್ಧ ಗಂಟೆಯಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕದು. ಪಕ್ಕದಲ್ಲಿ ಸಹೋದ್ಯೋಗಿಯವರಿಗೆ ಒಂದೂ ಇಲ್ಲ. ನಾನು ಸುಮ್ನೆ ಇದ್ದೆ. ಸ್ವಲ್ಪ ಬೀಗಿದೆ ಅನ್ನಿ.

ಬಿಸಿಲು ಏರಿತು, ಕಥೆ ಬದಲಾಯಿತು. ಬೆಂಡು ಅಲ್ಲಾಡುವುದೇ ಇಲ್ಲ, ಎಳೆದು ನೋಡಿದರೆ ಸಿಗಡಿಯ ಹೊಟ್ಟೆ ಹಿಂಡಿ ಹೋಗಿದೆ. ಬಾಯಿಗಿಟ್ಟು, ಸೀಸದ ಭಾರ ತಿಳಿದು ಉಗುಳುತ್ತಿದೆ ಮೀನು. ಅತ್ತ ಅವರು ಒಂದರ ಹಿಂದೆ ಒಂದು ಮೂರು ಎತ್ತಿದರು. ಹತ್ತೂವರೆಗೆ ನಾನೂ ಗಂಟು ಬಿಚ್ಚಿದೆ. ಬೆಂಡು ಸೊನ್ನೆಯದು, ಅಂದರೆ ಸೀಸದ ಭಾರ ಹೊರದಂಥದ್ದು. ಸೀಸ ಇಲ್ಲ.

ಇಲ್ಲಿ ಬೆಂಡು ನೋಡಬಾರದು, ದಾರ ನೋಡಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ನೀರಿನ ಮೇಲೆ ದಾರ ಸಡಿಲವಾಗಿ ಬಿಲ್ಲಿನ ಹಾಗೆ ಬಿದ್ದಿರುತ್ತದೆ. ರೀಲಿನ ಅಂಚಿಗೆ ತೋರುಬೆರಳು ತಾಗಿಸಿ ಕಾಯಬೇಕು. ಎಷ್ಟೋ ಸಲ ಅಲೆ ಎಳೆದದ್ದಕ್ಕೆ ನಾನು ಕೋಲು ಎತ್ತಿದೆ. ಅವರು ನಕ್ಕರು. ಆಮೇಲೊಮ್ಮೆ ಆ ಬಿಲ್ಲು ಮೆಲ್ಲಗೆ ನೆಟ್ಟಗಾಗತೊಡಗಿತು. ನಿಂತಿತು. ಮತ್ತೆ ನೆಟ್ಟಗಾಯಿತು. ಬೆರಳಿನಡಿಯಿಂದ ದಾರ ಸರ್ರನೆ ಓಡಿತು. ಮೇಜಿನಾ ಸಿಕ್ಕಿದ ಕೂಡಲೇ ಬಂಡೆಯ ಸಂದಿಗೆ ನುಗ್ಗುತ್ತದೆ, ಅಲ್ಲಿ ದಾರ ಉಜ್ಜಿದರೆ ಮುಗಿಯಿತು. ಈ ಸಲ ಕೋಲು ಬಗ್ಗಿಸಿ ತಡೆದೆ. 38 ಸೆಂ.ಮೀ.! ದಿನದ ದೊಡ್ಡ ಮೀನು ನನ್ನದೇ, ಅದೂ ಅವರ ಪಂಗಡದ ಬೆಂಡಿನಲ್ಲಿ.

ಒಂದು ಗಂಟೆಗೆ ಗಾಳಿ ತಿರುಗಿತು. ಈಶಾನ್ಯದಿಂದ, ನೇರ ಮುಖಕ್ಕೆ. ಸೀಸ ಇಲ್ಲದ ಗಾಳ ಇಳಿಯುವ ಮೊದಲೇ ಗಾಳಿ ದಾರವನ್ನು ಹೊತ್ತು ಬಂಡೆಗೆ ಸುತ್ತಿತು. ಎಳೆದೆ, ತುಂಡಾಯಿತು. ಎರಡು ಸಾವಿರ ಯೆನ್ನಿನ ಬೆಂಡು ಕುಣಿಯುತ್ತಾ ಹೋಯಿತು. ಹನ್‌ಯೂದೋಗೆ ಮರಳಿ, 3ಬಿಗಿಂತ ಹೆಚ್ಚು ಸೀಸ ಹೊರುವ 5ಬಿ ಹಾಕಿದೆ. ಆ ಗಾಳಿಯಲ್ಲೂ ಗಾಳ ಕೆಳಗೆ ನಿಂತಿತು, ಎರಡೂವರೆಗೆ ಇನ್ನೊಂದು ಬಂತು. ಸಹೋದ್ಯೋಗಿಯವರು ಹಠ ಬಿಡದೆ ಗಂಟಿಲ್ಲದೆಯೇ ಮುಂದುವರಿಸಿದರು, ಬರಿಗೈ.

ಕಡ್ಡಿಯ ಹಾಗೆ ಉದ್ದವಿರುವ ಬೆಂಡನ್ನೂ ಹತ್ತು ನಿಮಿಷ ಹಾಕಿ ನೋಡಿದೆ. ಕಣ್ಣಿಗೆ ಚಂದ, ಗಾಳಿಗೆ ಬೇಡ.

ಹೊಸಬರು ಕೇಳಿದರೆ ಗಂಟಿನದೇ ಕಟ್ಟಿ ಅನ್ನುತ್ತೇನೆ. ಆಳ ಗೊತ್ತಿರುತ್ತದೆ, ಮೀನು ಯಾವ ಮಟ್ಟದಲ್ಲಿದೆ ಅಂತ ಅರ್ಧ ಅರ್ಧ ಮಾರು ಬದಲಿಸಿ ಹುಡುಕಬಹುದು. ಗಂಟಿಲ್ಲದ್ದು ಗಾಳಿ ಇಲ್ಲದ, ಮೀನು ಚೂರು ನಖರಾ ಮಾಡುವ ಒಂದೆರಡು ಗಂಟೆಗೆ. ಆ ಹೊತ್ತಿನಲ್ಲಿ ಮಾತ್ರ ಅದಕ್ಕೆ ಸಾಟಿ ಇಲ್ಲ. ಇಡೀ ದಿನ ಅದನ್ನೇ ಹಾಕುವುದು ನನ್ನ ಪ್ರಕಾರ ಜಂಬ. ಸಹೋದ್ಯೋಗಿಯವರು ಒಪ್ಪುವುದಿಲ್ಲ.

ಸಂಜೆ ಬಕೆಟ್ಟಿನಲ್ಲಿ ನೀರೆತ್ತಿ ಬಂಡೆಯ ಮೇಲಿನ ಎರೆ ತೊಳೆದೆವು. ಇಲ್ಲದಿದ್ದರೆ ಮರುದಿನ ಬಂದವರಿಗೆ ಗಬ್ಬು. ದೊಡ್ಡದರ ಚರ್ಮ ಸುಟ್ಟು ಸಾಶಿಮಿ, ಅಂದರೆ ಹಸಿಮೀನಿನ ತೆಳು ಹೋಳು ಮಾಡಿದೆ. ಸಣ್ಣವು ಸಾರಿಗೆ. ಮನೆಯಲ್ಲಿ ಮೀನುಸಾರಿಗೆ ಹಾಕುವ ಜುಮ್ಮನಕಾಯಿ ಮುಗಿದಿತ್ತು. ಅದೇ ಕುಲದ ಸನ್ಶೋ ಇಲ್ಲಿಯ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕಿದೆ. ನಾಲಿಗೆ ಜುಮ್ ಅಂದಿತು, ಆದರೆ ವಾಸನೆ ನಿಂಬೆಯ ಕಡೆ ಜಾಸ್ತಿ.